ಹುಳುಮನೆಗೆ ಹೋಗುವ ಮುನ್ನ

ಸೊಣ್ಣಮ್ಮ ಹುಳುಮನೆಯಿಂದ ಮೂರನೆಯ ತಟ್ಟೆಯನ್ನೂ ಅಂಗಳದ ಬೆಳಕಿಗೆ ತಂದಿಟ್ಟಳು. ಮುಟ್ಟಿದರೆ ಸಾಕು, ರೇಷ್ಮೆಹುಳುವಿನ ಚರ್ಮ ಒಡೆದು ಹಾಲಿನಂಥ ನೀರು ಸೋರುತ್ತಿತ್ತು. ಇನ್ನು ಐದಾರು ದಿನ ಕಳೆದಿದ್ದರೆ ಗೂಡು ಕಟ್ಟಬೇಕಾಗಿದ್ದ ಹುಳುಗಳು. ಅವಳ ಗಂಡ ಮುನಿಶಾಮಪ್ಪ ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡಲು ಹೋದ.

ಅನುಸೂಯ ಕಂಬಕ್ಕೆ ಒರಗಿ ನಿಂತಿದ್ದಳು. ಹದಿನೈದು ವರ್ಷದ ಹುಡುಗಿ, ರಂಗೂನಿನಲ್ಲಿ ಹುಟ್ಟಿದವಳು. ಅಲ್ಲಿನ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅವಳ ತಂದೆ ಸೊಣ್ಣಮ್ಮನ ತಮ್ಮ, ತಾಯಿ ಬರ್ಮಾದವಳು. ಮನೆಯಲ್ಲಿ ಆಡುತ್ತಿದ್ದುದು ತಾಯಿಯ ಬರ್ಮಾ ಭಾಷೆಯನ್ನೇ. ಯುದ್ಧ ಬಂದು ಊರಿನ ಮೇಲೆ ಜಪಾನಿನವರ ಬಾಂಬು ಬಿದ್ದಾಗ ಮೂವರೂ ಕಾಡುದಾರಿ ಹಿಡಿದರು. ಈ ಕಡೆ ತಲುಪಿದವರು ಇಬ್ಬರು. ತಂದೆ ಅವಳನ್ನು ಕುಂದಾಣದ ಹತ್ತಿರದ ಈ ಹಳ್ಳಿಯಲ್ಲಿ ಅಕ್ಕನ ಮನೆಗೆ ಬಿಟ್ಟು, ಸೈನ್ಯದ ರಸ್ತೆ ಕೆಲಸಕ್ಕೆಂದು ಅಸ್ಸಾಮಿಗೆ ಹೋದ. ಏಳು ತಿಂಗಳಿಂದ ಕಾಗದವಿರಲಿಲ್ಲ.

ಬರ್ಮಾದವಳ ಮಗಳನ್ನು ಮನೆಯೊಳಗೆ ಇಟ್ಟುಕೊಳ್ಳುವುದಕ್ಕಿಂತ ಬೆಂಗಳೂರಿನ ಯಾವುದಾದರೂ ಅನಾಥಾಶ್ರಮಕ್ಕೆ ಸೇರಿಸಿಬಿಡು ಎಂದು ನೆಂಟರು ಸೊಣ್ಣಮ್ಮನಿಗೆ ಹೇಳುತ್ತಲೇ ಇದ್ದರು. ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಹೋದ ತಿಂಗಳು ಒಂದು ದಿನ, ಕಾಲು ತೊಳೆದು ಬಂದು ಹುಳುಗಳಿಗೆ ಸೊಪ್ಪು ಹಾಕು ಎಂದಳು. ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಅನುಸೂಯ ಆ ದಿನ ಎರಡು ಸಲ ಕಾಲು ತೊಳೆದಿದ್ದಳು.

ಅವಳಿಗೆ ಕನ್ನಡ ಕಲಿಸಿದವಳು ಕೂಲಿಯ ಸಪ್ಪಲಮ್ಮ. ಹಿಪ್ಪುನೇರಳೆ ಸಾಲುಗಳ ನಡುವೆ ಒಂದೊಂದು ಎಲೆ ಕೀಳುವಾಗಲೂ ಒಂದೊಂದು ಮಾತು ಹೇಳಿ, ಹೇಳಿಸಿ, ತಪ್ಪಿದರೆ ನಕ್ಕು, ನಕ್ಕಿದ್ದಕ್ಕೆ ತಾನೇ ಸಮಾಧಾನ ಹೇಳುತ್ತಿದ್ದಳು. ಸೊಪ್ಪು, ಚಿಗುರು, ಕುಕ್ಕೆ, ಬಿಸಿಲು. ಆಮೇಲೆ ಹಸಿವು, ಹಟ, ನೆನಪು. ಅಲ್ಲಿ ಅನುಸೂಯ ಸಾಕಷ್ಟು ಮಾತಾಡುತ್ತಿದ್ದಳು. ಮನೆಯೊಳಗೆ ತಪ್ಪಿಬಿಟ್ಟರೆ ಎಂಬ ಹೆದರಿಕೆಗೆ ತಲೆ ಆಡಿಸುವುದಷ್ಟೇ. ಹುಡುಗಿಗೆ ಇನ್ನೂ ಮಾತು ತಿಳಿಯುವುದಿಲ್ಲ ಎಂದೇ ಮನೆಯವರು ಎಣಿಸಿದ್ದರು.

ಹುಳುಮನೆಗೆ ಹೋಗುವವರು ಅರಿಸಿನ ಹಚ್ಚಬಾರದು, ಹೂ ಮುಡಿಯಬಾರದು, ನಸ್ಯ ಏರಿಸಬಾರದು. ಯಾವ ವಾಸನೆಯನ್ನೂ ಹುಳು ತಡೆಯುವುದಿಲ್ಲ. ಇದನ್ನೂ ಅವಳಿಗೆ ಹೇಳಿಕೊಟ್ಟವಳು ಸಪ್ಪಲಮ್ಮನೇ.

ತಾಯಿಯ ಲುಂಗಿಯಲ್ಲಿ ಸುತ್ತಿಟ್ಟಿದ್ದ ಬೆರಳುದ್ದದ ತೊಗಟೆಯೊಂದು ಅನುಸೂಯಳ ಬಳಿ ಉಳಿದಿತ್ತು. ಬರ್ಮಾದ ಹೆಂಗಸರು ಅದನ್ನು ಕಲ್ಲಿನ ಮೇಲೆ ಗಂಧದಂತೆ ತೇದು ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ತಾಯಿ ಕಾಡುದಾರಿಯಲ್ಲಿ ತೀರಿಕೊಂಡು ವರ್ಷ ತುಂಬುವ ದಿನಗಳು ಬಂದಿದ್ದವು. ನಾಲ್ಕು ದಿನಗಳಿಂದ ಬೆಳಗ್ಗೆ ಎದ್ದವಳೇ ಹಿತ್ತಲಲ್ಲಿ ತೊಗಟೆ ತೇದು, ಯಾರಿಗೂ ಕಾಣದಂತೆ ಕಿವಿಯ ಹಿಂದೆ ಹಚ್ಚಿಕೊಂಡಿದ್ದಳು. ಅಷ್ಟು ಚೂರು ವಾಸನೆ ಹುಳುಗಳಿಗೆ ಎಲ್ಲಿ ತಿಳಿದೀತು ಎಂದುಕೊಂಡಿದ್ದಳು.

ಸಪ್ಪಲಮ್ಮ ಸೊಪ್ಪಿನ ಕುಕ್ಕೆ ಹೊತ್ತು ಅಂಗಳಕ್ಕೆ ಬಂದಳು. ತಟ್ಟೆಗಳನ್ನು ಕಂಡು ಕುಕ್ಕೆಯನ್ನು ಇಳಿಸುವುದನ್ನೇ ಮರೆತಳು.

"ನಸ್ಯ ಏರಿಸ್ಕಂಡು ಒಳೀಕೆ ಹೋಗಿದ್ದೀಯ," ಎಂದಳು ಸೊಣ್ಣಮ್ಮ.

"ಕೈ ಬಾಯಿ ತೊಳ್ಕಂಡೇ ಹೋಗೋಳು ಕಣಕ್ಕ ನಾನು. ಹತ್ತು ವರ್ಷದಿಂದ ನೋಡಿದ್ದೀಯಲ್ಲ."

"ಹತ್ತು ವರ್ಷದಾಗೆ ಹುಳ ಹಿಂಗೆ ಸತ್ತಿರ್ಲಿಲ್ಲ."

ಸಪ್ಪಲಮ್ಮ ಸೊಂಟದಿಂದ ನಸ್ಯದ ಡಬ್ಬಿ ತೆಗೆದು ಅಂಗೈಯಲ್ಲಿ ಹಿಡಿದಳು. ಅದು ಖಾಲಿಯಾಗಿತ್ತು. ಖಾಲಿ ಡಬ್ಬಿ ಏನನ್ನೂ ಹೇಳುವುದಿಲ್ಲ ಎಂದು ಅವಳಿಗೇ ತೋರಿರಬೇಕು, ಮತ್ತೆ ಸಿಕ್ಕಿಸಿಕೊಂಡಳು. ನಾಳೆಯಿಂದ ಬರಬೇಡ ಎಂದಳು ಸೊಣ್ಣಮ್ಮ. ಹುಳು ಕೆಡಿಸಿದವಳು ಎಂಬ ಹೆಸರು ಬಂದರೆ ಸುತ್ತಲಿನ ಯಾವ ಊರಿನಲ್ಲೂ ಸೊಪ್ಪಿನ ಕೂಲಿಗೆ ಕರೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಸೊಣ್ಣಮ್ಮ ಕಂಬದ ಕಡೆ ತಿರುಗಿದಳು.

"ನೀನೂ ಒಳಗಿರ್ತಿದ್ದೆಯಲ್ಲ. ಏನಾರ ಕಂಡ್ಯೇನೆ, ಅನುಸೂಯ?"

ಪ್ರತಿಯೊಂದು ಮಾತೂ ಅವಳಿಗೆ ತಿಳಿದಿತ್ತು. ಉತ್ತರವೂ ಕನ್ನಡದಲ್ಲೇ, ಒಂದು ತಪ್ಪಿಲ್ಲದೆ, ನಾಲಗೆಯ ಮೇಲೆ ಬಂದು ನಿಂತಿತ್ತು. ಅವಳು ಅತ್ತೆಯ ಬಾಯನ್ನೇ ನೋಡಿದಳು, ಮೊದಲ ವಾರಗಳಲ್ಲಿ ನೋಡುತ್ತಿದ್ದ ಹಾಗೆ. ಆಮೇಲೆ ನೆಲ ನೋಡಿದಳು.

"ಪಾಪ, ಅದಕ್ಕೇನ್ ತಿಳೀತದೆ," ಎಂದು ಸೊಣ್ಣಮ್ಮ ತಟ್ಟೆ ಎತ್ತಿಕೊಂಡು ಗುಂಡಿಯ ಕಡೆ ನಡೆದಳು.

ಸಪ್ಪಲಮ್ಮ ಕುಕ್ಕೆಯನ್ನು ತಂದು ಅನುಸೂಯಳ ಕಾಲ ಬಳಿ ಇಳಿಸಿದಳು. ಬಗ್ಗಿ ಏಳುವಾಗ ಮುಖ ಹತ್ತಿರ ಬಂತು. ಅಲ್ಲೇ ಒಂದು ಗಳಿಗೆ ತಡೆದಳು. ಅವಳ ಮೂಗಿನ ಹೊಳ್ಳೆ ಅಲುಗಿತು.

ಸಪ್ಪಲಮ್ಮ ಬಾನಿಯ ನೀರಿನಲ್ಲಿ ಸೆರಗಿನ ತುದಿ ಅದ್ದಿಕೊಂಡು ಬಂದು, ಹುಡುಗಿಯ ಕೂದಲನ್ನು ಪಕ್ಕಕ್ಕೆ ಸರಿಸಿ, ಒಂದು ಕಿವಿಯ ಹಿಂದೆ ಒರೆಸಿದಳು. ಇನ್ನೊಂದು ಕಿವಿಯ ಹಿಂದೆಯೂ ಒರೆಸಿದಳು. ಒತ್ತಿ, ಚೆನ್ನಾಗಿ, ಮಗುವಿಗೆ ಒರೆಸುವಂತೆ.

"ಸೊಪ್ಪು ಒದ್ದೆ ಅದೆ. ಉಳಿದ ಹುಳಕ್ಕೆ ಆರ್ಸಿ ಹಾಕು ಮಗ, ಮರೀಬ್ಯಾಡ," ಎಂದಳು.

ಅವಳು ಬೇಲಿ ದಾಟಿ ಹೋದಳು. ಒರೆಸಿದ ಜಾಗಕ್ಕೆ ಗಾಳಿ ತಾಗುತ್ತಿತ್ತು. ಅನುಸೂಯ ಕುಕ್ಕೆಯ ಮುಂದೆ ಕೂತು ಎಲೆಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡತೊಡಗಿದಳು.