ಸರಕಾರದ ಸೀರೆ

ನನ್ನ ಗಂಡ ದೇವೀಂದ್ರಪ್ಪ ಸತ್ತಿದ್ದಾನೋ ಬದುಕಿದ್ದಾನೋ, ಹೇಳುವವರು ಕಮಲಾಪುರದಲ್ಲಿ ಒಬ್ಬರೂ ಇರಲಿಲ್ಲ. ನಿಜಾಮರ ಕುದುರೆ ದಂಡಿನ ಜೊತೆ ಸಮುದ್ರದಾಚೆ ಲಡಾಯಿಗೆ ಹೋದವನು. ಲಡಾಯಿ ಮುಗಿದು ದಂಡು ತಿರುಗಿ ಬಂತು, ಅವನು ಬರಲಿಲ್ಲ. ಹೆಣ ಕಂಡವರೂ ಇಲ್ಲ.

ಅತ್ತೆ ಪುತಳಾಬಾಯಿ ಮಾತ್ರ ಮಗ ಬಂದೇ ಬರುತ್ತಾನೆ ಅಂತ ಹಟ ಹಿಡಿದಿದ್ದಳು. ದಿನಾ ಅವನ ಹೆಸರಿನಲ್ಲಿ ಒಂದು ರೊಟ್ಟಿ ಮಾಡಿಸಿ ಮುಚ್ಚಿಡುವಳು. ಮರುದಿನ ಆ ತಂಗಳು ನನ್ನ ಪಾಲು. ಮುತ್ತೈದೆ ಅಂತ ಹಣೆಗೆ ಕುಂಕುಮ ಹಚ್ಚಿಸುವಳು, ಹೊಸ ಕುಬಸ ಕೇಳಿದರೆ ಗಂಡ ಹತ್ತಿರ ಇಲ್ಲದವಳಿಗೆ ಯಾಕೆ ಅನ್ನುವಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅಂದರೆ ನಾನೇ.

ಬಾಳೆತೋಟದ ಜಗದೇವಪ್ಪ ಹೆಂಡತಿ ಸತ್ತವನು. ನನ್ನನ್ನು ಉಡಿಕಿ ಮಾಡಿಕೊಳ್ಳುತ್ತೇನೆ ಅಂದಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸಿಕೊಳ್ಳುವ ಪದ್ಧತಿ ನಮ್ಮದು. ಆದರೆ ಗಂಡ ಸತ್ತಿರಬೇಕಲ್ಲ! ಅದೊಂದು ಗಟ್ಟಿಯಾಗಲಿ, ಮುಂದಿನ ವಾರವೇ ಸೀರೆ ತರುತ್ತೇನೆ ಅಂದ. ನನಗೂ ಅವನ ಮೇಲೆ ಮನಸ್ಸಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಡಂಗುರ ಬಿತ್ತು. ಲಡಾಯಿಯಲ್ಲಿ ಮಡಿದವರ ನೆನಪಿಗೆ ಕಲಬುರಗಿಯಲ್ಲಿ ಹೆಸರು ಕೊರೆದ ಕಲ್ಲು ನಿಲ್ಲಿಸಬೇಕೆಂದು ಸರಕಾರದ ಹುಕುಂ ಆಗಿದೆ, ಮನೆಯವರು ಅಲ್ಲಿನ ಕಚೇರಿಗೆ ಬಂದು ಮಡಿದವರ ಹೆಸರು ಹೇಳಬೇಕು ಅಂತ. ಹುಕುಮಿನ ಉಳಿದರ್ಧವನ್ನು ಆ ಡಂಗುರದವನು ನುಂಗಿಬಿಟ್ಟಿದ್ದ.

ಅತ್ತೆ ಗಾಡಿ ಕಟ್ಟಿಸಿ ನನ್ನನ್ನೂ ಕೂರಿಸಿಕೊಂಡಳು, ಮಗನ ಹೆಸರು ಹೇಳುವುದಕ್ಕಲ್ಲ, ತಡೆಯುವುದಕ್ಕೆ. ಕಚೇರಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಅಲ್ಲಾವುದ್ದೀನ್ ಸಾಹೇಬರು ದೇವೀಂದ್ರಪ್ಪನ ವಿಷಯ ಮೆತ್ತಗೆ ಕೇಳಿದರು.

"ನನ್ನ ಮಗ ಜೀವಂತ ಇದ್ದಾನ್ರೀ. ಅವನ ಹೆಸರು ಕಲ್ಲಿಗೆ ಹಾಕಬ್ಯಾಡ್ರಿ," ಅಂದಳು ಅತ್ತೆ.

ಸಾಹೇಬರು ಆಗಲಿ ಎಂದು ಮುಂದಿನವರನ್ನು ಕರೆದರು. ಈಗ ಬಾಯಿ ಮುಚ್ಚಿದರೆ ಸಾಯುವ ತನಕ ತಂಗಳು ರೊಟ್ಟಿಯೇ ಗತಿ.

"ಸತ್ತಾನ್ರೀ ಸಾಹೇಬ್ರ. ಹೆಂಡ್ತಿ ನಾ ಹೇಳಾಕತ್ತೀನಿ," ಅಂದವಳೇ ಮೇಜಿನ ಅಂಚಿಗೆ ಕೈ ಬಡಿದು ಬಳೆ ಒಡೆದುಕೊಂಡೆ.

ಸಾಹೇಬರು ಎದ್ದು ನಿಂತರು. ಕಣ್ಣು ಒರೆಸಿಕೊಂಡು ಹುಕುಮಿನ ಉಳಿದರ್ಧ ಹೇಳಿದರು. ಮಡಿದವರ ಹೆಂಡತಿಯರು ಸರಕಾರ ಕೊಡುವ ಬಿಳಿ ಸೀರೆ ಉಟ್ಟು, ವರ್ಷಾವರ್ಷ ಊರೆಲ್ಲ ನೋಡುವಂತೆ ಆ ಕಲ್ಲಿಗೆ ಹೂವು ಇಡಬೇಕು. ಗಂಡನ ಹೆಸರಿನಿಂದಲೇ ಅವರನ್ನು ಕರೆಯುತ್ತಾರೆ. ನೆರೆದವರೆಲ್ಲ ನನಗೆ ಕೈ ಮುಗಿದರು. ಹುಚ್ಚಿ ನಾನು, ಬಿಡುಗಡೆ ಆಯಿತೆಂಬ ಖುಷಿಯಲ್ಲಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕಮಲಾಪುರಕ್ಕೆ ಬಂದಾಗ ಜಗದೇವಪ್ಪನಿಗೆ ಸುದ್ದಿ ಮುಟ್ಟಿತ್ತು. ದೂರದಲ್ಲೇ ನಿಂತ.

"ನನ್ನ ಮನಿಯಿಂದ ವರ್ಷಾವರ್ಷ ಎದ್ದು ಹೋಗಿ ಆ ಕಲ್ಲಿನ ಮುಂದ ಅವನ ಹೆಂಡ್ತಿ ಅಂತ ನಿಂದರತೀಯೇನು ಜಯದೇವಿ? ಸತ್ತ ಗಂಡನಿಂದ ಉಡಿಕಿ ಬಿಡಿಸತದ. ಕಲ್ಲಾಗಿ ನಿಂತ ಗಂಡನಿಂದ ಯಾರು ಬಿಡಸ್ತಾರ?"

ಅವನ ಮೇಲೆ ಸಿಟ್ಟು ಬಂತು. ಬಳೆ ಒಡೆದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದೆ.

ಆ ಸಂಜೆ ಅತ್ತೆ ಮೊದಲ ಸಲ ಎದೆ ಬಡಿದುಕೊಂಡು ಅತ್ತಳು. ಮರುದಿನ ಹೊಟ್ಟೆ ತುಂಬ ಉಂಡಳು. ಮಗನ ರೊಟ್ಟಿ ಇನ್ನು ಬೇಡ ಅಂದಳು. ಅವಳು ಕಾಯುವುದು ಮುಗಿದಿತ್ತು.

ಮುಂದಿನ ವಾರ ಸೀರೆ ಬಂತು. ಕಲಬುರಗಿಗೆ ಬಾಳೆಕಾಯಿ ಒಯ್ದಿದ್ದ ಜಗದೇವಪ್ಪನ ಗಾಡಿಯಲ್ಲೇ ಕಚೇರಿಯವರು ಕಳಿಸಿದ್ದರು. ಅವನು ಅದನ್ನು ಹೊಸ್ತಿಲ ಮೇಲೆ ಇಟ್ಟು, ತಲೆ ಎತ್ತದೆ ಹೋದ. ಬಿಳಿ ಸೀರೆ. ಅತ್ತೆಯೇ ನನಗೆ ಉಡಿಸಿದಳು.