ಕಟ್ಟಿದ ಕೈಯೇ ಬಿಚ್ಚಬೇಕು

“ಸತ್ತೋನಿಗೆ ಎಂಥ ಮಾನ ಹೋಗುತ್ತೋ, ಬೇವರ್ಸಿ? ಒಂದು ಸಹಿ ಹಾಕೋಕೆ ಹೆರಿಗೆ ನೋವು ಬಂದೋರ ಥರ ಆಡ್ತೀಯಲ್ಲ!”

ಚಾರಣ ಕಂಪನಿಯ ಯಜಮಾನ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ಹಿಮ್ಮಡಿ ಬಾಗಿಲ ಬಳಿಯೇ ನಿಂತಿದ್ದ. ಬೂಟು ಹೊರಗೆ ಬಿಟ್ಟು ಬರಬೇಕೆಂಬುದು ಆ ಕಚೇರಿಯ ಕಾನೂನು. ದುಡ್ಡು ಕೊಟ್ಟು ಹತ್ತಲು ಬರುವ ಅತಿಥಿಗಳಿಗಲ್ಲ, ಬೆಟ್ಟ ಹತ್ತಿಸುವವರಿಗೆ ಮಾತ್ರ. ಹನ್ನೊಂದು ವರ್ಷದ ಕೆಳಗೆ ಅವನು ಯಾವನೋ ಅತಿಥಿಗೆ ತನ್ನ ಒಣ ಕಾಲುಚೀಲ ಬಿಚ್ಚಿಕೊಟ್ಟು ಬಲಗಾಲಿನ ಬೆರಳುಗಳನ್ನು ಹಿಮಕ್ಕೆ ಒಪ್ಪಿಸಿದ್ದ. ಅಂದಿನಿಂದ ಹಿಮ್ಮಡಿ ಊರಿಯೇ ನಡೆಯುತ್ತಿದ್ದ. ಜನ ಹೆಸರನ್ನೂ ಅದೇ ಮಾಡಿದರು. ಈಗ ಆ ಮೊಂಡುಗಾಲು ತಣ್ಣನೆಯ ನೆಲದ ಮೇಲೆ ಮರಗಟ್ಟುತ್ತಿತ್ತು.

ಅವನ ತಮ್ಮ ಎಡಚ, ಬೆಟ್ಟದ ನೆತ್ತಿಯಿಂದ ಬಿದ್ದು ಒಂಬತ್ತು ದಿನ. ಹೆಣ ಇನ್ನೂ ಮೇಲೆಯೇ, ಒಂದು ಬಂಡೆಯ ಚಾಚಿನ ಮೇಲೆ ಇತ್ತು. ಸುದ್ದಿ ಬಂದೊಡನೆ ಹಿಮ್ಮಡಿ ಒಬ್ಬನೇ ಅಲ್ಲಿಯವರೆಗೆ ಹತ್ತಿದ್ದ. ತಮ್ಮ ಅಂಗಾತ ಬಿದ್ದಿದ್ದ, ಎಡಗೈ ಮೇಲಕ್ಕೆ ಚಾಚಿತ್ತು. ಒಬ್ಬನ ಕೈಯಲ್ಲಿ ಎತ್ತಲಾಗದೆ, ಪಕ್ಕದಲ್ಲೇ ಬಿದ್ದಿದ್ದ ಹಗ್ಗದ ತುದಿಯನ್ನು ಕೊಯ್ದು ತಂದಿದ್ದ. ಅಷ್ಟರಲ್ಲಿ ತನಿಖೆಗೆ ಬಂದ ಸರ್ಕಾರಿ ಸಾಹೇಬರು ವಿಚಾರಣೆ ಮುಗಿಯುವವರೆಗೆ ಬೆಟ್ಟ ಮುಚ್ಚಿದೆ ಎಂದು ಆದೇಶ ಹೊರಡಿಸಿದರು. ಇನ್ನು ಮೂರು ದಿನ ಕಳೆದರೆ ಹಿಮ ಸುರಿಯುತ್ತದೆ. ಆಮೇಲೆ ಎಡಚ ಸಿಗುವುದು ಮುಂದಿನ ಬೇಸಿಗೆಗೆ, ಸಿಕ್ಕರೆ.

ಸತ್ತವನ ಅಣ್ಣನಾಗಿ ಹಿಮ್ಮಡಿ ಸಹಿ ಹಾಕಿದರೆ ವಿಚಾರಣೆ ಮುಗಿಯುತ್ತದೆ, ಬೆಟ್ಟ ತೆರೆಯುತ್ತದೆ. ‘ಮೃತನು ಗಂಟು ಸರಿಯಾಗಿ ಕಟ್ಟದ ಕಾರಣ’ ಎಂದು ಕಾಗದ ಆಗಲೇ ಟೈಪಾಗಿ ಕೂತಿತ್ತು.

“ಸಾಹೇಬ್ರೇ,” ಎಂದ ಹಿಮ್ಮಡಿ, ಮೇಜಿನಾಚೆ ಬರೆಯುತ್ತ ಕೂತವರತ್ತ ತಿರುಗಿ, “ಒಂದ್ಸಲ ಈ ಗಂಟು ನೋಡಿ.”

ಮೊಳದುದ್ದದ ಹಗ್ಗ, ತುದಿಯಲ್ಲಿ ಅಗಲವಾದ ಕುಣಿಕೆ. ಇಳಿಯಲೆಂದು ನೆತ್ತಿಯಲ್ಲಿರುವ ಕಬ್ಬಿಣದ ಗೂಟಕ್ಕೆ ಹಾಕಿದ್ದು. ಗಂಟು ಬಿಚ್ಚಿರಲಿಲ್ಲ, ಕುಣಿಕೆಯೇ ಇಡಿಯಾಗಿ ಗೂಟದಿಂದ ಮೇಲೆದ್ದು ಬಂದಿತ್ತು.

“ನನ್ನ ತಮ್ಮ ಎಡಗೈಯೋನು. ಅವನು ಕಟ್ಟಿದ್ರೆ ಗಂಟಿನ ಬಾಲ ಕುಣಿಕೆ ಹೊರಗಡೆ ಬರುತ್ತೆ. ಇದು ನೋಡಿ, ಒಳಗಡೆ ಬಂದಿದೆ. ಇದು ಬಲಗೈ ಗಂಟು. ಅವನು ಇಷ್ಟು ಅಗಲಕ್ಕೂ ಬಿಡ್ತಿರ್ಲಿಲ್ಲ. ಇಷ್ಟರಲ್ಲಿ ಎಮ್ಮೆ ತಲೆ ತೂರುತ್ತೆ.”

“ಎಡಗೈ ಗಂಟಂತೆ, ಬಲಗೈ ಗಂಟಂತೆ!” ಯಜಮಾನ ನಕ್ಕ. “ನಾಳೆ ಗಂಟಿಗೂ ಜಾತಕ ಬರೆಸ್ತಾನೆ ಇವನು.”

ಕಿಟಕಿಯ ಬಳಿ ಮೆತ್ತನೆಯ ಕುರ್ಚಿಯಲ್ಲಿ ಅತಿಥಿ ಕೂತಿದ್ದ. ಅವತ್ತು ಎಡಚ ಹತ್ತಿಸಿದ್ದು ಅವನನ್ನೇ. ಅವನ ತಲೆಯ ಮೇಲೆ ಗೋಡೆಯಲ್ಲಿ ಹೊಸ ಚಿತ್ರ, ಕ್ಯಾಮೆರಾ ಚಾಚಿ ತಾನೇ ತೆಗೆದುಕೊಂಡು ಕಟ್ಟು ಹಾಕಿಸಿದ್ದು: ನೆತ್ತಿಯ ಮೇಲೆ ಅತಿಥಿ ನಗುತ್ತಾ ನಿಂತಿದ್ದಾನೆ, ಪಕ್ಕದಲ್ಲಿ ಅವನ ಬಾವುಟ. ಹಿಮ್ಮಡಿ ಹತ್ತಿರ ಹೋಗಿ ದಿಟ್ಟಿಸಿದ. ಬಾವುಟದ ಕೋಲನ್ನು ಗೂಟಕ್ಕೆ ಬಿಗಿದಿದ್ದು ಯಾವ ಹಗ್ಗದಿಂದ ಎಂದು ಕಂಡಾಗ ಅವನು ಚಿತ್ರದ ಮೇಲೆ ಬೆರಳಿಟ್ಟ.

“ಇದು ನಮ್ಮ ಹಗ್ಗ,” ಎಂದ.

“ಹೌದು, ಬಾವುಟ ನಿಲ್ತಾನೇ ಇರ್ಲಿಲ್ಲ,” ಎಂದ ಅತಿಥಿ, ಚಹಾ ಗುಟುಕರಿಸುತ್ತಾ. “ಎರಡು ನಿಮಿಷ ಬಿಚ್ಚಿದ್ದೆ ಅಷ್ಟೆ. ಆಮೇಲೆ ಹಾಗೇ ಕಟ್ಟಿದ್ನಲ್ಲ.”

ಸಾಹೇಬರ ಪೆನ್ನು ನಿಂತಿತು. ಅವರು ಗೋಡೆಯತ್ತ ನೋಡಿ, “ಚಿತ್ರ ಚೆನ್ನಾಗಿ ಬಂದಿದೆ,” ಎಂದರು. ಪೆನ್ನು ಮತ್ತೆ ಓಡಿತು.

“ಅವರೇ ಹೇಳಿದ್ರಲ್ಲ ಸ್ವಾಮಿ! ಕೇಳಿಸ್ಲಿಲ್ವಾ?”

“ಏನು ಹೇಳಿದ್ರು?” ಯಜಮಾನ ಎದ್ದು ಬಂದು ಅವನ ಕೊರಳಪಟ್ಟಿ ಹಿಡಿದ. “ಏನೋ ಹೇಳಿದ್ರು, ನಾಯಿ? ನಿನ್ನ ತಮ್ಮ ಇಳಿಯೋ ಮುಂಚೆ ಗಂಟು ನೋಡ್ಕೋಬೇಕಿತ್ತೋ ಬೇಡ್ವೋ?”

ನೋಡಿಕೊಳ್ಳುವುದಿಲ್ಲ. ಅದು ಕಸುಬಿನ ಕಟ್ಟಳೆ: ಕಟ್ಟಿದ ಕೈಯೇ ಬಿಚ್ಚಬೇಕು, ಒಬ್ಬನ ಗಂಟನ್ನು ಇನ್ನೊಬ್ಬ ಮುಟ್ಟಕೂಡದು. ಚಿಕ್ಕಂದಿನಲ್ಲಿ ಅಪ್ಪನ ಗಂಟು ಮುಟ್ಟಿದರೂ ಕೆನ್ನೆಗೆ ಬೀಳುತ್ತಿತ್ತು. ತಾನು ಕಟ್ಟಿದ್ದು ಹಾಗೇ ಇದೆ ಎಂಬ ನಂಬಿಕೆಯ ಮೇಲೆಯೇ ಬೆಟ್ಟದ ಬದುಕು ನಿಂತಿರುವುದು. ಅತಿಥಿ ಗೂಟದ ಬಳಿ ಇದ್ದಾಗ ಎಡಚ ಕೆಳಗೆ ಕೂತು ಅವನ ಸಾಮಾನು ಕಟ್ಟುತ್ತಿದ್ದಿರಬೇಕು. ಹತ್ತಿಸುವವನು ಹತ್ತುವಾಗ ಮೊದಲು, ಇಳಿಯುವಾಗ ಕೊನೆಗೆ. ಅದು ಎರಡನೆಯ ಕಟ್ಟಳೆ. ಹಗುರ ಮೈಯ ಅತಿಥಿಯನ್ನು ಆ ಕುಣಿಕೆ ಹೇಗೋ ತಾಳಿತು. ಆಮೇಲೆ ಎರಡು ಮೂಟೆ ಹೊತ್ತು ಎಡಚ ಇಳಿದ.

ಇಷ್ಟನ್ನೂ ಹೇಳಬೇಕೆಂದು ಹಿಮ್ಮಡಿ ಬಾಯಿ ತೆರೆದ. “ಹೊರಗೆ ಹೋಗು,” ಎಂದರು ಸಾಹೇಬರು. “ನಾಳೆ ಸಹಿ ಹಾಕೋ ಹಾಗಿದ್ರೆ ಬಾ. ನನಗೇನೂ ಅವಸರ ಇಲ್ಲ.”

ಮನೆಯಲ್ಲಿ ಒಲೆ ಉರಿಯುತ್ತಿತ್ತು, ಮೇಲೆ ಪಾತ್ರೆ ಇರಲಿಲ್ಲ. ಅವ್ವ ಗೋಡೆಗೊರಗಿ ಕೂತಿದ್ದಳು. ತಮ್ಮನ ಹೆಂಡತಿ ಗಂಡನ ಹರಿದ ಕೈಗವಸಿಗೆ ತೇಪೆ ಹಾಕುತ್ತಿದ್ದಳು. ಯಾರಿಗೆಂದು ಕೇಳುವ ಧೈರ್ಯ ಹಿಮ್ಮಡಿಗೆ ಇರಲಿಲ್ಲ.

“ಸಹಿ ಹಾಕ್ಬೇಡಿ ಭಾವ,” ಎಂದಳು ಅವಳು. “ಹದಿನಾಲ್ಕು ವರ್ಷ ಒಂದು ಗಂಟು ಜಾರಿಸಿದೋರಲ್ಲ. ಸತ್ತ ಮೇಲೆ ಕೈಲಾಗದೋನು ಅನ್ನಿಸ್ಕೋಬೇಕಾ?”

“ಅಲ್ಲೇ ಬಿದ್ದಿರ್ಲಿ ಅಂತೀಯೇನೇ?” ಅವ್ವ ಸಿಡಿದಳು. “ಮುಂದಿನ ವರ್ಷ ಹತ್ತೋರೆಲ್ಲ ನನ್ನ ಮಗನ್ನ ದಾಟ್ಕೊಂಡು ಹೋಗ್ಲಿ ಅಂತೀಯಾ?” ಆಮೇಲೆ ದನಿ ಕುಸಿಯಿತು. “ಅವನು ಎಂಥೋನು ಅಂತ ಹೆತ್ತ ನಂಗೆ ಗೊತ್ತು. ಕಾಗದದಲ್ಲಿ ಏನಾದ್ರೂ ಬರ್ಕೊಳ್ಲಿ. ನಂಗೆ ಅವನ ಮುಖ ತೋರ್ಸೋ ಮಗನೇ.”

ಸೊಸೆ ಸೂಜಿಯನ್ನು ಕೈಗವಸಿಗೆ ಚುಚ್ಚಿ ಎದ್ದು ಒಳಗೆ ಹೋದಳು. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ಹಿಮ್ಮಡಿಗೆ ಅವತ್ತು ತಿಳಿಯಿತು. ಬೆಳಗಿನವರೆಗೂ ಅವನು ಒಲೆಯ ಮುಂದೆಯೇ ಇದ್ದ.

ಮಾರನೆಯ ದಿನ ಸಹಿ ಹಾಕಿದ. ಅಕ್ಷರ ಸೊಟ್ಟಗಾಯಿತು. ಯಜಮಾನ ಮತ್ತೊಮ್ಮೆ ಹಾಕಿಸಿದ. ಸಾಹೇಬರು ಹಗ್ಗದ ತುಂಡನ್ನು ಬೆರಳ ತುದಿಯಲ್ಲಿ ಎತ್ತಿ, “ಇದನ್ನ ಬಿಸಾಕು,” ಎಂದು ಅವನತ್ತ ಎಸೆದರು. ಹಿಮ್ಮಡಿ ಅದನ್ನು ಜೇಬಿಗೆ ಹಾಕಿಕೊಂಡ. ಹೊರಡುವಾಗ ಯಜಮಾನ ಕೂಗಿ ಹೇಳಿದ: “ಹೇಗೂ ಹೋಗ್ತಿದ್ದೀಯಲ್ಲ, ನೆತ್ತಿ ಮೇಲೆ ಅವರ ಬಾವುಟ ಉಳ್ಕೊಂಡಿದೆ. ತಗೊಂಡು ಬಾ.”

ಜೊತೆಯ ಮೂವರೊಡನೆ ಎರಡು ದಿನ ಹತ್ತಿ, ಒಂದು ದಿನ ಇಳಿದ. ತಮ್ಮನನ್ನು ಕಂಬಳಿಯಲ್ಲಿ ಸುತ್ತಿದರು. ಎಡಗೈ ಮಾತ್ರ ಸುತ್ತಿನೊಳಗೆ ಬರಲಿಲ್ಲ. ತಲೆಯ ಮೇಲಕ್ಕೆ ನೆಟ್ಟಗೆ ಚಾಚಿ, ಏನನ್ನೋ ಹಿಡಿಯಲು ಹೋದ ಬೆರಳುಗಳು ಹಾಗೆಯೇ ಕಲ್ಲಾಗಿದ್ದವು. ಹಿಮ್ಮಡಿ ಉಸಿರು ಊದಿ ನೋಡಿದ, ಉಜ್ಜಿ ನೋಡಿದ, ಆ ಕೈಯನ್ನು ಎದೆಗವಚಿಕೊಂಡು ಅತ್ತ. ಆಮೇಲೆ ಜೇಬಿನಿಂದ ಹಗ್ಗ ತೆಗೆದು, ಕುಣಿಕೆಯನ್ನು ಆ ಬೆರಳುಗಳಿಗೆ ಸಿಕ್ಕಿಸಿದ.

ಮಧ್ಯಾಹ್ನ ಊರಿನ ಬೀದಿಗೆ ಬಂದಾಗ ಸಣ್ಣಗೆ ಹಿಮ ಶುರುವಾಗಿತ್ತು. ಹೊಸದಾಗಿ ಬಂದಿಳಿದ ಅತಿಥಿಗಳು ಕಚೇರಿಯ ಜಗುಲಿಯಲ್ಲಿ ನಿಂತಿದ್ದರು. ಕಂಬಳಿಯಿಂದ ಮೇಲೆದ್ದ ಕೈ ದೂರದಿಂದ ಕಂಡು, ಒಬ್ಬಾಕೆ ನಗುತ್ತಾ ತಾನೂ ಕೈಬೀಸಿದಳು. ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡಳು.

ಹಿಮ್ಮಡಿ ಮನೆಯ ಕಡೆ ತಿರುಗಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಚಟ್ಟ ಇಳಿಸಿದ. ಅವ್ವ, ತಮ್ಮನ ಹೆಂಡತಿ ಓಡಿಬಂದರು. ಅವ್ವ ಮಗನ ಮುಖದ ಮೇಲಿನ ಕಂಬಳಿ ಸರಿಸಿ ಅಲ್ಲೇ ಕುಸಿದಳು.

“ಲೇ! ಇಲ್ಲಿ ಯಾಕೋ ಇಳಿಸ್ದೆ ಸೂಳೆಮಗನೇ!” ಯಜಮಾನ ಹೊರಗೆ ಹಾರಿ ಬಂದ. “ಜನ ನೋಡ್ತಿದ್ದಾರೆ. ಆ ಕೈ ಮಡಿಸಿ ಮುಚ್ಚೋ!”

ಅವನ ಹಿಂದೆಯೇ ಅತಿಥಿ ಬಂದ. “ನನ್ನ ಬಾವುಟ ತಂದ್ಯಾ?” ಎಂದವನು ಮೇಲೆತ್ತಿದ ಕೈಯಲ್ಲಿ ತೂಗುತ್ತಿದ್ದ ಕುಣಿಕೆ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

“ಮಡಿಸೋಕೆ ಬರಲ್ಲ, ಮುರೀಬೇಕು,” ಎಂದ ಹಿಮ್ಮಡಿ. ಬೂಟು ತೊಟ್ಟ ಕಾಲಿನಲ್ಲೇ ಮೆಟ್ಟಿಲು ಹತ್ತಿ ಬಾಗಿಲಿಗೆ ಅಡ್ಡ ನಿಂತ. “ಸಹಿ ಹಾಕಿದ್ದಾಯ್ತು ಯಜಮಾನ್ರೇ, ನಂದು ಮುಗೀತು. ಆ ಗಂಟು ನಮ್ಮದಲ್ಲ, ನಾವು ಮುಟ್ಟಲ್ಲ. ಕಟ್ಟಿದ ಕೈಯೇ ಬಂದು ಬಿಚ್ಚಲಿ. ಆಮೇಲೆ ಎತ್ತುತ್ತೀವಿ.”

ಹೊತ್ತು ತಂದ ಮೂವರೂ ಮೆಟ್ಟಿಲ ಮೇಲೆ ಕೂತರು. ಯಜಮಾನ ಬೈದ, ಪೊಲೀಸರಿಗೆ ಹೇಳಿ ಕಳಿಸಿದ. ಅತಿಥಿ ಗೋಡೆಗೆ ಅಂಟಿಕೊಂಡು, ತನ್ನ ಬಲಗೈಯನ್ನು ಕೋಟಿನ ಜೇಬಿನೊಳಗೆ ತುರುಕಿಕೊಂಡ.

ತಮ್ಮನ ಹೆಂಡತಿ ಸೆರಗಿನಿಂದ ಆ ತೇಪೆಯ ಕೈಗವಸು ತೆಗೆದಳು. ಚಾಚಿದ ಬೆರಳುಗಳಿಗೆ ತೊಡಿಸಲು ಹೋದಳು. ಕುಣಿಕೆ ಅಡ್ಡ ಬಂತು. ಅವಳು ಕೈಗವಸು ಹಿಡಿದುಕೊಂಡೇ ಕಾಯುತ್ತಾ ನಿಂತಳು.