ಎಡಗೈಯ ಕೀಬೋರ್ಡ್

ಮುದ್ರಣಾಲಯದಲ್ಲಿ ಹದಿನಾರು ವರ್ಷ ಟೈಪ್ ಮಾಡಿದ್ದವಳು ಅವಳು. ಕಾಗದ ಕತ್ತರಿಸುವ ಯಂತ್ರಕ್ಕೆ ಬಲಗೈಯ ಮೂರು ಬೆರಳು ಹೋದ ಮೇಲೆ ಮಾಲೀಕ ಅವಳನ್ನು ಬಾಗಿಲ ಬಳಿ ಕೂರಿಸಿ, ಬಂದವರ ಹೆಸರು ಕೇಳುವ ಕೆಲಸಕ್ಕೆ ಹಚ್ಚಿದ. ಎಡಗೈಯೊಂದರಲ್ಲೇ, ಎರಡು ಮೂರು ಗುಂಡಿ ಒಟ್ಟಿಗೆ ಒತ್ತಿ ಅಕ್ಷರ ಮೂಡಿಸುವ ಕೀಬೋರ್ಡನ್ನು ತಾನೇ ಮಾಡಬೇಕೆಂದು ಅವಳು ಹಟ ಹಿಡಿದಳು.

ಅವಳಿದ್ದದ್ದು ಅಕ್ಕನ ಮನೆಯ ಮಹಡಿಯಲ್ಲಿ. ಕೆಳಗೆ ಭಾವನ ರೇಡಿಯೋ ರಿಪೇರಿ ಅಂಗಡಿ. ಕಲಿಸಿಕೊಡಿ ಎಂದು ಕೇಳಿದ್ದಕ್ಕೆ ಭಾವ ತಲೆಯೆತ್ತಲೂ ಇಲ್ಲ.

"ಇದ್ದ ಬೆರಳು ಉಳಿಸ್ಕೊಳ್ಳೋಕಾಗ್ಲಿಲ್ಲ, ಕೀಬೋರ್ಡ್ ಮಾಡ್ತಾಳಂತೆ."

ಅವಳು ಪೇಟೆಗೆ ಹೋದಳು. ಬೆಸುಗೆಯ ಗೊಡವೆಯಿಲ್ಲದೆ ತೂತುಗಳಿಗೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಒಂದನ್ನು ಕೊಂಡು ತಂದಳು. ಎರಡು ಅಡ್ಡಸಾಲು, ಎರಡು ಕಂಬಸಾಲು, ನಾಲ್ಕು ಗುಂಡಿ, ಯಾವುದನ್ನು ಒತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಚಿಪ್. ಒಂದೊಂದಾಗಿ ಒತ್ತಿದರೆ ಸರಿ. ಮೂರು ಒಟ್ಟಿಗೆ ಒತ್ತಿದರೆ ಮಾತ್ರ, ಮುಟ್ಟದ ನಾಲ್ಕನೆಯದೂ ಒತ್ತಿದಂತೆ ಪರದೆ ತೋರಿಸುತ್ತಿತ್ತು. ಭಾವ ಬಂದು ನೋಡಿದ. ಕಾರಣ ಅವನಿಗೆ ಗೊತ್ತಿತ್ತೆಂದು ಅವನ ನಗುವೇ ಹೇಳಿತು. ಹೇಳದೆ ಇಳಿದುಹೋದ.

ಎರಡು ವಾರ ಅವಳು ಕಾಗದದ ಮೇಲೆ ಪೆನ್ಸಿಲಿನಿಂದ ವಿದ್ಯುತ್ತಿನ ದಾರಿ ಎಳೆದಳು. ಕೊನೆಗೆ ಕಂಡಿತು: ವಿದ್ಯುತ್ತು ಮೂರನೆಯ ಗುಂಡಿಯೊಳಗಿಂದ ಹಿಮ್ಮುಖವಾಗಿ ನುಸುಳಿ ನಾಲ್ಕನೆಯದರ ಸಾಲಿಗೆ ಸೇರುತ್ತಿತ್ತು. ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡ್ ಒಂದನ್ನು ಪ್ರತಿ ಗುಂಡಿಗೂ ಹಾಕಿದಳು. ಒಂದು ಗುಂಡಿ ಸತ್ತುಹೋಯಿತು. ಅದರ ಡಯೋಡಿನ ಕಪ್ಪು ಪಟ್ಟಿ ಉಳಿದವುಗಳಿಗೆ ಎದುರು ದಿಕ್ಕಿಗಿತ್ತು. ತಿರುಗಿಸಿದಳು. ಮೂರು ಒತ್ತಿದಳು, ಮೂರೇ ತೋರಿಸಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮರುದಿನ ಕೆಲಸದಿಂದ ಬರುವಷ್ಟರಲ್ಲಿ ಕಿತ್ತ ತಂತಿಗಳೆಲ್ಲ ಮೇಜಿನ ಮೇಲೆ ಗುಡ್ಡೆಯಾಗಿದ್ದವು. ಗಿರಾಕಿಯ ಕೆಲಸಕ್ಕೆ ಭಾವನಿಗೆ ಬೋರ್ಡ್ ಬೇಕಿತ್ತಂತೆ. ಅವಳು ಅವನ್ನೆಲ್ಲ ಬಾಚಿಕೊಂಡು ಅಂಗಡಿಗಿಳಿದು, ಅವನ ಮುಂದಿನಿಂದಲೇ ಬೋರ್ಡ್ ಎತ್ತಿಕೊಂಡು, ಅಲ್ಲೇ ನಿಂತು ಚಿತ್ರ ನೋಡದೆ ಎಲ್ಲವನ್ನೂ ಮತ್ತೆ ಜೋಡಿಸಿದಳು.

"ಇನ್ನೊಂದ್ಸಲ ಕಿತ್ತು ನೋಡಿ ಭಾವ," ಎಂದಳು ಮೆಲ್ಲಗೆ.

ಅವನು ಕೀಳಲಿಲ್ಲ. ಅವಳೊಡನೆ ಮಾತೂ ಬಿಟ್ಟ.

ನಾಲ್ಕು ಗುಂಡಿ ಹನ್ನೆರಡಾಗಲು ಮಳೆಗಾಲ ಕಳೆಯಿತು. ಅದನ್ನು ಮುದ್ರಣಾಲಯಕ್ಕೆ ಒಯ್ದಾಗ ಮಾಲೀಕ ಗೊಣಗುತ್ತಲೇ ಟೈಪ್ ಮಾಡಲು ಒಂದು ಪುಟ ಕೊಟ್ಟ. ನಿಧಾನವಾಗಿ, ಒಂದೂ ತಪ್ಪಿಲ್ಲದೆ ಮುಗಿಸಿದಳು. ಟೈಪ್ ಮಾಡುತ್ತಿದ್ದ ಹಳೆಯ ಕುರ್ಚಿ ಮತ್ತೆ ಸಿಕ್ಕಿತು.

ಸುದ್ದಿ ಹರಡಿದ ಮೇಲೆ ಭಾವ ಗಿರಾಕಿಗಳೆದುರು, ನಾದಿನಿಗೆ ತಾನೇ ಕಲಿಸಿದ್ದೆಂದು ಕೊಚ್ಚಿಕೊಳ್ಳತೊಡಗಿದ. ರಜೆಯ ದಿನ ಮೆಟ್ಟಿಲಿಳಿಯುವಾಗ ಅದು ಅವಳ ಕಿವಿಗೆ ಬಿತ್ತು. ಗಿರಾಕಿಯ ಪಕ್ಕದಲ್ಲೇ ನಿಂತಳು.

"ಇವರು ನಂಗೆ ಕಲಿಸಿದ್ದು ಒಂದೇ. ಮಾಡಿಟ್ಟಿದ್ದನ್ನ ಕಿತ್ತು ಹಾಕೋದು ಹೇಗೆ ಅಂತ."

ಗಿರಾಕಿ ತನ್ನ ರೇಡಿಯೋ ವಾಪಸು ತೆಗೆದುಕೊಂಡು ಹೊರಟ. ಭಾವನ ಮುಖ ಇಂಗು ತಿಂದ ಮಂಗನಂತಾಯಿತು.

ಮಧ್ಯಾಹ್ನ ಅಕ್ಕ ತಟ್ಟೆ ಕುಕ್ಕಿ ಬಡಿಸಿದಳು. ಅವಳು ಎರಡನೆಯ ಸಲವೂ ಹಾಕಿಸಿಕೊಂಡು ಉಂಡಳು.